ತಗಡಿನ ಡಬ್ಬಿಯೂ ಮಕ್ಕಳ ಕೈಯೂ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ ಕರಕುಶಲ ವಸ್ತು ಪ್ರದರ್ಶನದ ಉದ್ಘಾಟನೆಯಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಸಭಾಂಗಣದ ಬಲಬದಿಯ ಮೇಜುಗಳ ಮೇಲೆ ನಮ್ಮ ಮಕ್ಕಳು ಮಾಡಿದ ವಸ್ತುಗಳನ್ನು ಜೋಡಿಸಿಡಲಾಗಿದೆ. ತೂತುಗಳ ಚಿತ್ತಾರವಿರುವ ದೀಪದ ಗೂಡುಗಳು, ಕನ್ನಡಿಯ ಚೌಕಟ್ಟುಗಳು, ಲೇಖನಿ ಇಡುವ ಡಬ್ಬಿಗಳು, ಹೂವಿನ ಕುಂಡಗಳು, ಒಂದು ಪುಟ್ಟ ಯಕ್ಷಗಾನ ಕಿರೀಟ ಅಲ್ಲಿವೆ. ಎಲ್ಲವೂ ಬರಿದಾದ ತಗಡಿನ ಡಬ್ಬಿಗಳಿಂದ ಆದವು. ಹಾಲಿನ ಪುಡಿಯ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಬಿಸಿಯೂಟದ ಅಡುಗೆಮನೆಯ ಎಣ್ಣೆಯ ಚೌಕ ಡಬ್ಬಿ, ಗಲ್ಫಿನಿಂದ ಬಂದವರು ತಂದ ಮಿಠಾಯಿಯ ಡಬ್ಬಿ, ಹೀಗೆ ಇವುಗಳ ಮೂಲ ನಾನಾ ಬಗೆಯದು. ಆದರೆ ಮೇಜಿನ ತುದಿಯಲ್ಲಿ, ಎಲ್ಲಕ್ಕಿಂತ ಮೊದಲು ಇಟ್ಟಿರುವ ವಸ್ತು ಮಕ್ಕಳು ಮಾಡಿದ್ದಲ್ಲ. ಅದು ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಅಳೆಯುವ ಒಂದು ಹಳೆಯ ಪಾತ್ರೆ. ಹಿಡಿ ಸವೆದಿದೆ, ಬಣ್ಣ ಕಪ್ಪಾಗಿದೆ. ಅದನ್ನು ಅಲ್ಲಿಟ್ಟ ಕಾರಣವನ್ನು ಹೇಳುವುದಕ್ಕಾಗಿಯೇ ಈ ಮಾತುಗಳು.

ನಮ್ಮ ಹಿರಿಯ ಹಳೆವಿದ್ಯಾರ್ಥಿಗಳಿಗೆ ತಗಡಿನ ಕೆಲಸ ಹೊಸ ಸಂಗತಿಯಲ್ಲ. ಈ ಊರಿಗೆ ವಿದ್ಯುತ್ತು ಬರುವ ಮೊದಲು ತಾವು ಓದಿದ್ದು ಚಿಮಿಣಿ ದೀಪದ ಬೆಳಕಿನಲ್ಲಿ. ಆ ದೀಪಗಳಲ್ಲಿ ಬಹುಪಾಲು ಹಳೆಯ ಡಬ್ಬಿಗಳನ್ನು ಕತ್ತರಿಸಿ ಬೆಸುಗೆ ಹಾಕಿ ಮಾಡಿದವು. ಚಿಮಿಣಿ ಎಣ್ಣೆಯ ದೊಡ್ಡ ಡಬ್ಬಿಗೆ ಅಡ್ಡ ಮರದ ತುಂಡು ಹೊಡೆದರೆ ನೀರು ಹೊರುವ ಕೊಡ. ಅದನ್ನೇ ಬಿಡಿಸಿ ಹರಡಿದರೆ ದನದ ಹಟ್ಟಿಯ ಮಾಡಿಗೆ ಹೊದಿಕೆ. ತುಂಡು ಉಳಿದರೆ ಆಲಿಕೆ, ತುರಿಮಣೆ, ಅಳತೆಯ ಪಾವು. ಅಂದಿನ ಜನ ಇದನ್ನು ಕಲೆ ಎಂದೂ ಕರೆಯಲಿಲ್ಲ, ಮರುಬಳಕೆ ಎಂದೂ ಕರೆಯಲಿಲ್ಲ. ತಗಡಿಗೆ ಬೆಲೆಯಿತ್ತು, ಆದುದರಿಂದ ಅದನ್ನು ಎಸೆಯಲಿಲ್ಲ, ಅಷ್ಟೆ.

ಆಹಾರವನ್ನು ಡಬ್ಬಿಯಲ್ಲಿ ಕೆಡದಂತೆ ಇಡುವ ವಿದ್ಯೆಗೆ ಸುಮಾರು ಇನ್ನೂರು ವರ್ಷಗಳ ವಯಸ್ಸು. ಫ್ರಾನ್ಸಿನ ನಿಕೊಲಾಸ್ ಅಪೇರ್ ಎಂಬವರು ಗಾಜಿನ ಶೀಶೆಗಳಲ್ಲಿ ಆಹಾರವನ್ನು ಮುಚ್ಚಿ, ಕುದಿಸಿ, ಕಾಪಾಡುವ ಕ್ರಮವನ್ನು ಕಂಡುಹಿಡಿದರು. 1810ರಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಡ್ಯೂರಾಂಡ್ ಎಂಬವರು ತವರ ಲೇಪಿಸಿದ ಕಬ್ಬಿಣದ ಡಬ್ಬಿಯನ್ನೂ ಒಳಗೊಂಡ ಹಕ್ಕುಪತ್ರವನ್ನು ಪಡೆದರು. ಮಕ್ಕಳಿಗೆ ಇದನ್ನು ಹೇಳಿದಾಗ ಅವರು ನಕ್ಕದ್ದು ಒಂದು ಸಂಗತಿಗೆ: ಡಬ್ಬಿ ಬಂದು ಹಲವು ದಶಕಗಳವರೆಗೆ ಅದನ್ನು ತೆರೆಯುವ ಉಪಕರಣವೇ ಇರಲಿಲ್ಲ; ಉಳಿ ಮತ್ತು ಸುತ್ತಿಗೆಯಿಂದ ಒಡೆದು ತೆರೆಯಬೇಕಾಗಿತ್ತು.

ನಾವು ತವರದ ಡಬ್ಬಿ ಎಂದು ಕರೆಯುವುದರಲ್ಲಿ ತವರ ಇರುವುದು ಬಹಳ ಸ್ವಲ್ಪ. ಒಳಗಿನದು ಉಕ್ಕಿನ ಹಾಳೆ, ಅದರ ಮೇಲೆ ತವರದ ಅತಿ ತೆಳುವಾದ ಲೇಪ. ಅಜ್ಜಿಯಂದಿರು ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದೂ ಈ ತವರದಿಂದಲೇ. ಲೇಪ ಅಖಂಡವಾಗಿರುವವರೆಗೆ ಉಕ್ಕು ಕ್ಷೇಮ. ಒಮ್ಮೆ ಗೀರು ಬಿದ್ದರೆ, ಕತ್ತರಿಸಿದ ಅಂಚು ತೆರೆದುಕೊಂಡರೆ, ಅಲ್ಲಿ ತುಕ್ಕು ಬೇಗನೆ ಹಿಡಿಯುತ್ತದೆ. ಸತುವಿನ ಲೇಪವಿರುವ ಬಾಲ್ದಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಏಳನೆಯ ತರಗತಿಯ ಮಕ್ಕಳು ಎರಡೂ ಬಗೆಯ ತಗಡುಗಳಿಗೆ ಮೊಳೆಯಿಂದ ಗೀರೆಳೆದು, ಮಳೆಗಾಲದಲ್ಲಿ ಅಂಗಳದಲ್ಲಿಟ್ಟು, ದಿನವೂ ನೋಡಿ ಬರೆದುಕೊಂಡರು. ಪಾಠಪುಸ್ತಕದ ಒಂದು ಪುಟವನ್ನು ಅವರು ಕಣ್ಣಿನಿಂದ ಓದಿದಂತಾಯಿತು.

ಇನ್ನು ನಮ್ಮ ತಪ್ಪಿನ ಮಾತು. ಶತಮಾನೋತ್ಸವದಲ್ಲಿ ಶಾಲೆಯ ಹಿರಿಮೆಯನ್ನು ಮಾತ್ರ ಹೇಳುವ ವಾಡಿಕೆಯಿದೆ. ಆದರೆ ನೂರು ವರ್ಷ ಬಾಳಿದ ಶಾಲೆಗೆ ತನ್ನ ತಪ್ಪನ್ನು ಹೇಳಿಕೊಳ್ಳುವಷ್ಟು ಧೈರ್ಯ ಇರಬೇಕೆಂದು ನಾವು ನಂಬುತ್ತೇವೆ.

ಹಲವು ವರ್ಷಗಳ ಹಿಂದೆ ಉಪಜಿಲ್ಲಾ ವೃತ್ತಿಪರಿಚಯ ಮೇಳಕ್ಕೆ ಮಕ್ಕಳನ್ನು ಸಿದ್ಧಗೊಳಿಸುತ್ತಿದ್ದೆವು. ಏಳನೆಯ ತರಗತಿಯ ಹುಡುಗನೊಬ್ಬ ಹಾಲಿನ ಪುಡಿಯ ಡಬ್ಬಿಯಿಂದ ದೀಪವೊಂದನ್ನು ಮಾಡುತ್ತಿದ್ದ. ಕೈಯಲ್ಲಿ ಗವಸು ಇರಲಿಲ್ಲ. ಕತ್ತರಿಸಿದ ಅಂಚನ್ನು ಮಡಚುವ ಕ್ರಮವನ್ನು ನಾವು ಕಲಿಸಿರಲಿಲ್ಲ, ನಮಗೇ ತಿಳಿದಿರಲಿಲ್ಲ. ಡಬ್ಬಿ ಜಾರಿತು, ಅಂಗೈ ಸೀಳಿತು. ಆಸ್ಪತ್ರೆಗೆ ಒಯ್ದು ಹೊಲಿಗೆ ಹಾಕಿಸಿದೆವು. ಬೀಡಿ ಕಟ್ಟುತ್ತಿದ್ದ ಅವನ ತಾಯಿ ಓಡಿ ಬಂದರು. ಅವರು ನಮ್ಮನ್ನು ಬೈಯಲಿಲ್ಲ. "ಬಲಗೈಯಲ್ಲವಲ್ಲ ಟೀಚರ್, ಬರೆಯಬಹುದಲ್ಲ" ಎಂದಷ್ಟೇ ಕೇಳಿದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಮರುದಿನ ನಾವು ಮಾಡಿದ ಕೆಲಸ ಬಹಳ ಸುಲಭದ್ದು. ಕತ್ತರಿ, ಸುತ್ತಿಗೆ, ಉಳಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ವೃತ್ತಿಪರಿಚಯದ ಅವಧಿ ಮೆಲ್ಲಮೆಲ್ಲನೆ ಗಣಿತದ ಅವಧಿಯಾಯಿತು. ಎಲ್‌ಎಸ್‌ಎಸ್, ಯುಎಸ್‌ಎಸ್ ಪರೀಕ್ಷೆಗಳ ತಯಾರಿಗೆ ಸಮಯ ದೊರೆಯಿತೆಂದು ರಕ್ಷಕರೂ ಮೆಚ್ಚಿದರು, ನಾವೂ ಮೆಚ್ಚಿಕೊಂಡೆವು. ಮಕ್ಕಳ ಕ್ಷೇಮಕ್ಕಾಗಿ ಬೀಗ ಹಾಕಿದ್ದೇವೆ ಎಂದು ಹೇಳುತ್ತಿದ್ದೆವು. ನಿಜಕ್ಕೂ ಆ ಬೀಗ ಕಾಯುತ್ತಿದ್ದುದು ನಮ್ಮ ಅಜ್ಞಾನವನ್ನು.

ಶತಮಾನೋತ್ಸವದ ಪೂರ್ವಭಾವಿ ಸಭೆಗೆ ಅದೇ ಹುಡುಗ ಬಂದಿದ್ದ. ಈಗ ಅವನು ದುಡಿದು ಮನೆ ನಡೆಸುವ ಯುವಕ. ಗಾಯವಾದ ಕೈ ಯಾವುದೆಂದು ಕೇಳಿದಾಗ ಎರಡೂ ಅಂಗೈಗಳನ್ನು ನೋಡಿಕೊಂಡು ಹೇಳಬೇಕಾಯಿತು, ಅಷ್ಟು ಮರೆತಿದ್ದ. ಆದರೆ ಅವನು ನಮ್ಮನ್ನು ಕೇಳಿದ ಪ್ರಶ್ನೆ ಬೇರೆ: "ಟೀಚರ್, ಅರ್ಧ ಮಾಡಿದ್ದ ಆ ದೀಪ ಈಗ ಇದೆಯೇ?" ಅದು ಗುಜರಿಗೆ ಹೋಗಿತ್ತು. ನಮಗೆ ಹೇಳಲು ಮಾತು ಬರಲಿಲ್ಲ.

ಅದೇ ಸಭೆಯಲ್ಲಿ ಇನ್ನೊಬ್ಬರು ಇದ್ದರು. ಈ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿ, ಪೇಟೆಯ ಬದಿಯಲ್ಲಿ ದೀರ್ಘಕಾಲ ತಗಡಿನ ಕೆಲಸ ಮಾಡಿ, ಪ್ಲಾಸ್ಟಿಕ್ಕಿನ ಬಾಲ್ದಿಗಳು ಬಂದ ಮೇಲೆ ಅಂಗಡಿ ಮುಚ್ಚಿದ ಹಿರಿಯರು. ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕಿಯ ಆ ಪಾತ್ರೆಯನ್ನು ಕೈಗೆತ್ತಿಕೊಂಡರು. ಅದು ಅವರೇ ಮಾಡಿಕೊಟ್ಟದ್ದು. ಬಾಯಿಯ ಸುತ್ತ ಬೆರಳಾಡಿಸಿ ತೋರಿಸಿದರು: ಅಂಚನ್ನು ಹೊರಕ್ಕೆ ಮಡಚಿ, ಮಡಿಕೆಯೊಳಗೆ ತಂತಿ ಕೂರಿಸಿ, ಸುತ್ತಿಗೆಯಿಂದ ಮುಚ್ಚಿದ್ದಾರೆ. ಇಷ್ಟು ವರ್ಷಗಳಲ್ಲಿ ಅಡುಗೆಯ ಅಮ್ಮಂದಿರ ಒಂದು ಬೆರಳೂ ಅದರಿಂದ ಗೀರಿಲ್ಲ. ನಾವು ಹಳೆಯ ಅಪಘಾತವನ್ನು ಹೇಳಿಕೊಂಡಾಗ ಅವರೆಂದರು: "ಅಂಚು ಮಡಚಲು ಕಲಿಸದೆ ಮಕ್ಕಳ ಕೈಗೆ ತಗಡು ಕೊಟ್ಟರೆ, ತಪ್ಪು ತಗಡಿನದ್ದಲ್ಲ ಟೀಚರೇ."

ಮರುವಾರ ಕಪಾಟಿನ ಬೀಗ ತೆಗೆದೆವು. ಮೊದಲು ಕಲಿಯಲು ಕುಳಿತವರು ಮಕ್ಕಳಲ್ಲ, ಅಧ್ಯಾಪಕರಾದ ನಾವು. ಆ ಹಿರಿಯರು ಶನಿವಾರಗಳಂದು ಬಂದು ನಮಗೆ ಹೇಳಿಕೊಟ್ಟರು. ಬಿ.ಎಡ್. ತರಬೇತಿಯಲ್ಲಿ ನಾವು ಕೇಳದಿದ್ದ ಪಾಠಗಳು ಅವು.

ರಕ್ಷಕರು ಮನೆಯಲ್ಲಿಯೂ ಇವನ್ನು ಪಾಲಿಸಬಹುದೆಂದು, ನಾವು ಕಲಿತ ಕೆಲವು ಕ್ರಮಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಡಬ್ಬಿಯ ಆಯ್ಕೆ. ಕೀಟನಾಶಕ, ಕಳೆನಾಶಕ, ಆಮ್ಲ, ಬಣ್ಣ ಇವುಗಳ ಡಬ್ಬಿ ಎಷ್ಟು ತೊಳೆದಿದ್ದರೂ ಶಾಲೆಯ ಗೇಟು ದಾಟಿ ಬರಬಾರದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಏನು ಮಾಡಿತೆಂಬುದನ್ನು ಈ ಜಿಲ್ಲೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಿತು. ಆ ನೋವು ಇನ್ನೂ ನಮ್ಮ ಮನೆಗಳಲ್ಲಿದೆ. ಒತ್ತಡದಲ್ಲಿ ಅನಿಲ ತುಂಬಿರುವ ಸಿಂಪಡಿಕೆಯ ಡಬ್ಬಿಗಳನ್ನು ಎಂದಿಗೂ ಚುಚ್ಚಬಾರದು, ಅವು ಸಿಡಿಯುತ್ತವೆ. ಉಳಿದವನ್ನು ಅಯಸ್ಕಾಂತದಿಂದ ಪರೀಕ್ಷಿಸಬೇಕು. ಅಂಟಿಕೊಂಡರೆ ಉಕ್ಕು, ಇಲ್ಲವಾದರೆ ಬಹುತೇಕ ಅಲ್ಯುಮಿನಿಯಂ. ತಂಪು ಪಾನೀಯದ ಡಬ್ಬಿಯ ಅಲ್ಯುಮಿನಿಯಂ ಮೆದು; ಸಾಧಾರಣ ಕತ್ತರಿಗೆ ಸಿಗುತ್ತದೆ. ಹಳೆಯ ವಾರ್ತಾಪತ್ರಿಕೆಗಳ ದಪ್ಪ ಕಟ್ಟಿನ ಮೇಲಿಟ್ಟು, ಶಾಯಿ ಮುಗಿದ ಲೇಖನಿಯಿಂದ ಹಿಂಬದಿಯಲ್ಲಿ ಒತ್ತಿ ಬರೆದರೆ ಮುಂಬದಿಯಲ್ಲಿ ಉಬ್ಬುಚಿತ್ರ ಮೂಡುತ್ತದೆ. ಕನ್ನಡಿಯ ಚೌಕಟ್ಟುಗಳ ಹೂಬಳ್ಳಿಗಳು ಹಾಗೆ ಆದವು.

ಎರಡನೆಯದು ವಯಸ್ಸು. ನಾಲ್ಕನೆಯ ತರಗತಿಯವರೆಗಿನ ಮಕ್ಕಳು ತಗಡನ್ನು ಕತ್ತರಿಸುವುದಿಲ್ಲ. ದೊಡ್ಡವರು ಬಾಯಿಯ ಅಂಚನ್ನು ಒಳಕ್ಕೆ ಬಡಿದು ನಯಗೊಳಿಸಿಕೊಟ್ಟ ಡಬ್ಬಿಗೆ ಬಣ್ಣ ಬಳಿಯುತ್ತಾರೆ, ಹುರಿ ಸುತ್ತುತ್ತಾರೆ, ಗಿಡ ನೆಡುತ್ತಾರೆ. ಐದನೆಯ ತರಗತಿಯವರು ಮೊಳೆಯಿಂದ ತೂತು ಕೊರೆಯುತ್ತಾರೆ. ಆರು ಮತ್ತು ಏಳನೆಯವರು ಮಾತ್ರ ದಪ್ಪ ಗವಸು ಹಾಕಿ, ಅಧ್ಯಾಪಕರ ಮುಂದೆ, ತಗಡಿನ ಕತ್ತರಿ ಹಿಡಿಯುತ್ತಾರೆ. ಬೆಸುಗೆಯನ್ನು ನಾವು ಶಾಲೆಯಲ್ಲಿ ಇಟ್ಟುಕೊಂಡಿಲ್ಲ. ಸಾಮಾನ್ಯ ಬೆಸುಗೆಯ ಲೋಹದಲ್ಲಿ ಸೀಸ ಬೆರೆತಿರುತ್ತದೆ. ಸೀಸ ಮಕ್ಕಳಿಗೆ ವಿಷ. ಅದರ ಬದಲು ಎರಡು ಅಂಚುಗಳನ್ನೂ ಕೊಕ್ಕೆಯಂತೆ ಬಾಗಿಸಿ, ಒಂದನ್ನೊಂದರಲ್ಲಿ ಸಿಕ್ಕಿಸಿ, ಮರದ ಸುತ್ತಿಗೆಯಿಂದ ಬಡಿದು ಕೂಡಿಸುತ್ತೇವೆ.

ಮೂರನೆಯದು ತೂತಿನ ಚಿತ್ತಾರ. ಬರಿದಾದ ಡಬ್ಬಿಗೆ ಮೊಳೆ ಹೊಡೆದರೆ ಅದು ಒಳಕ್ಕೆ ತಗ್ಗಾಗುತ್ತದೆ. ನೀರು ತುಂಬಿಸಿ ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ ಹೊಡೆಯುವ ಕ್ರಮವನ್ನು ಮೊದಲು ಪ್ರಯತ್ನಿಸಿದೆವು. ನೀರು ಮಂಜುಗಡ್ಡೆಯಾಗುವಾಗ ಹಿಗ್ಗಿದ್ದರಿಂದ ಕೆಲವು ಡಬ್ಬಿಗಳ ತಳ ಉಬ್ಬಿ ನಿಲ್ಲದಾದವು. ಅದೂ ಒಂದು ವಿಜ್ಞಾನದ ಪಾಠವಾಯಿತು. ಈಗ ಡಬ್ಬಿಯ ಒಳಗೆ ಸರಿಯಾಗಿ ಕೂರುವ ಮರದ ಕೊರಡನ್ನು ಇಟ್ಟು ಹೊಡೆಯುತ್ತೇವೆ. ಚಿತ್ತಾರವನ್ನು ಮೊದಲು ಚೌಕಳಿ ಕಾಗದದಲ್ಲಿ ಬರೆದು ಡಬ್ಬಿಗೆ ಸುತ್ತಬೇಕು. ಕಾಗದದ ಉದ್ದ ಎಷ್ಟಿರಬೇಕೆಂದು ಮಕ್ಕಳು ಡಬ್ಬಿಯ ವ್ಯಾಸವನ್ನು ಅಳೆದು ಲೆಕ್ಕ ಹಾಕುತ್ತಾರೆ. ಗಣಿತಕ್ಕೆಂದು ನಾವು ಕಿತ್ತುಕೊಂಡ ಅವಧಿ ಹೀಗೆ ಗಣಿತವನ್ನೇ ಕೈಹಿಡಿದು ಕರೆತಂದಿತು.

ನಾಲ್ಕನೆಯದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಡಬ್ಬಿಯಿಂದ ಏನನ್ನೋ ಮಾಡಿದ ಮಾತ್ರಕ್ಕೆ ಕಸ ಕಡಿಮೆಯಾಗುವುದಿಲ್ಲ. ಉಕ್ಕಿನ ಡಬ್ಬಿಯನ್ನು ಗುಜರಿಗೆ ಕೊಟ್ಟರೆ ಅದು ಕರಗಿ ಮತ್ತೆ ಉಕ್ಕಾಗುತ್ತದೆ. ಅದಕ್ಕೆ ಗೋಂದು, ಬಣ್ಣ, ಪ್ಲಾಸ್ಟಿಕ್ ಮಣಿ, ಮಿನುಗು ಪುಡಿ ಅಂಟಿಸಿ, ಮೇಳ ಮುಗಿದ ಮರುದಿನ ಎಸೆದರೆ ನಾವು ಒಳ್ಳೆಯ ಲೋಹವನ್ನು ಕೆಟ್ಟ ಕಸವಾಗಿ ಮಾಡಿದಂತೆ. ಹರಿತ ಕರ್ಮಸೇನೆಯ ಸಹೋದರಿಯರು ಮನೆಮನೆಯಿಂದ ಇಂಥದ್ದನ್ನು ಹೊತ್ತು ವಿಂಗಡಿಸುವ ಕಷ್ಟವನ್ನು ನಾವು ನೋಡುತ್ತಿದ್ದೇವೆ. ಆದುದರಿಂದ ನಮ್ಮ ನಿಯಮ ಇಷ್ಟೆ: ಯಾರಾದರೂ ಬಳಸುವ ವಸ್ತುವನ್ನೇ ಮಾಡಬೇಕು, ಮಾಡುವ ಮೊದಲು ಯಾರು ಬಳಸುತ್ತಾರೆಂದು ಹೇಳಬೇಕು. ಇಲ್ಲಿರುವ ಪ್ರತಿ ವಸ್ತುವಿನ ಚೀಟಿಯಲ್ಲಿ ಮಾಡಿದವರ ಹೆಸರಿನ ಕೆಳಗೆ ಬಳಸುವವರ ಹೆಸರನ್ನೂ ಕಾಣುವಿರಿ. ಅಜ್ಜಿಯ ಎಲೆಯಡಿಕೆಗೆ, ತಂಗಿಯ ರಿಬ್ಬನಿಗೆ, ಕಚೇರಿಯ ಗುಂಡುಸೂಜಿಗೆ ಎಂದು ಬರೆದಿದ್ದಾರೆ. ಕಿರೀಟ ಮಾಡಿದ ಹುಡುಗನ ಚೀಟಿಯಲ್ಲಿ "ನನ್ನ ತಮ್ಮನಿಗೆ, ಅವನು ದಿನವೂ ಕುಣಿಯುತ್ತಾನೆ" ಎಂದಿದೆ. ಕೆಲವು ಡಬ್ಬಿಗಳ ಒಳಬದಿಯ ಲೇಪ ಹೊಂಬಣ್ಣದ್ದಾಗಿರುತ್ತದೆ. ಅದನ್ನು ಹೊರಕ್ಕೆ ತಿರುಗಿಸಿದರೆ ಬೇಗಡೆ ಅಂಟಿಸುವ ಕೆಲಸವಿಲ್ಲವೆಂದು ಕಂಡುಕೊಂಡದ್ದು ಆ ಹುಡುಗನೇ. ಕುಂಬಳೆಯ ಪಾರ್ತಿಸುಬ್ಬನ ನಾಡಿನ ಮಕ್ಕಳಿಗೆ ಕಿರೀಟದ ಕಲ್ಪನೆಯನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಹಳೆಯ ಡಬ್ಬಿಯ ಕೆಲಸವೆಂದರೆ ಬಡವರ ಕೆಲಸ, ಮಕ್ಕಳ ಆಟ ಎಂಬ ಭಾವನೆ ಇಂದಿಗೂ ಇದೆ. ಅಮೇರಿಕದ ನ್ಯೂ ಮೆಕ್ಸಿಕೋದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸೈನ್ಯದವರೂ ವ್ಯಾಪಾರಿಗಳೂ ಎಸೆದ ಡಬ್ಬಿಗಳಿಂದ ಅಲ್ಲಿನ ಕುಶಲಕರ್ಮಿಗಳು ಕನ್ನಡಿ ಮತ್ತು ದೇವರ ಚಿತ್ರಗಳ ಚೌಕಟ್ಟುಗಳನ್ನು ಮಾಡಿದರು. ಅವು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಅಧ್ಯಾಪಕರಾಗಿದ್ದ ಎಲ್ ಅನಾಟ್ಸುಯಿ ಅವರು ಬಾಟಲಿಗಳ ಲೋಹದ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೊಲಿದು ಗೋಡೆ ತುಂಬುವ ಹೊದಿಕೆಗಳಂಥ ಕೃತಿಗಳನ್ನು ರಚಿಸಿದ್ದಾರೆ. ನಮ್ಮ ದೇಶದಲ್ಲಿಯೇ ನೇಕ್ ಚಂದ್ ಎಂಬ ರಸ್ತೆ ಇಲಾಖೆಯ ನೌಕರರು ಒಡೆದ ಬಳೆ, ಪಿಂಗಾಣಿ, ಎಸೆದ ಸಾಮಾನುಗಳಿಂದ ಚಂಡೀಗಢದ ಕಲ್ಲುದ್ಯಾನವನ್ನು ಕಟ್ಟಿದರು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಕಾನ್ಪುರದ ಐಐಟಿಯಲ್ಲಿ ಓದಿದ ಅರವಿಂದ ಗುಪ್ತಾ ಅವರು ಕಸದಿಂದ ವಿಜ್ಞಾನದ ಆಟಿಕೆಗಳನ್ನು ಮಾಡುವುದನ್ನು ಜೀವನದ ಕೆಲಸವನ್ನಾಗಿ ಮಾಡಿಕೊಂಡರು. ಕೈಗೆಲಸದ ಮೂಲಕ ಶಿಕ್ಷಣ ಎಂಬ ವಿಚಾರವನ್ನು ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ದೇಶದ ಮುಂದಿಟ್ಟರು. ನೆರೆಯ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ನಮ್ಮ ಮೇಜಿನ ಮೇಲಿನ ಚಿಕ್ಕ ಡಬ್ಬಿಗಳಿಗೆ ಹಿರಿಯರ ಬಳಗ ದೊಡ್ಡದಿದೆ.

ಇನ್ನೊಂದು ಮಾತು ನಮ್ಮ ಶಾಲೆಗೆ ವಿಶೇಷವಾಗಿ ಸೇರಿದ್ದು. ಈ ಶಾಲೆ ಹುಟ್ಟಿದಾಗ ಈ ನೆಲ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಶಾಲೆ ಇದ್ದಲ್ಲಿಯೇ ಇತ್ತು. ಗಡಿ ಮಾತ್ರ ಸರಿಯಿತು. ನಮ್ಮ ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳ, ಹವ್ಯಕ ಕನ್ನಡ ಮಾತಾಡುತ್ತಾರೆ. ಶಾಲೆಯ ಕನ್ನಡ ಅವರಲ್ಲಿ ಹಲವರಿಗೆ ಪುಸ್ತಕದ ಭಾಷೆ, ಪರೀಕ್ಷೆಯ ಭಾಷೆ. ಪುಸ್ತಕದಲ್ಲಿ ಮಾತ್ರ ಇರುವ ಭಾಷೆ ಪರೀಕ್ಷೆ ಮುಗಿದ ದಿನ ಚೀಲದಲ್ಲೇ ಉಳಿಯುತ್ತದೆ ಎಂಬ ಭಯ ನಮ್ಮದು. ಕನ್ನಡ ತರಗತಿಗಳಿಗೆ ಸೇರುವ ಮಕ್ಕಳ ಬಗ್ಗೆ ಪ್ರತಿ ಜೂನ್ ತಿಂಗಳಲ್ಲಿ ನಾವು ಪಡುವ ಆತಂಕವನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೈಗೆಲಸದ ಅವಧಿಯಲ್ಲಿ ನಾವು ಗಮನಿಸಿದ್ದು ಇದು. ಮಡಚು, ಬಾಗಿಸು, ಒತ್ತು, ಕೊರೆ, ಉಜ್ಜು, ಸಿಕ್ಕಿಸು, ಸಡಿಲು, ಬಿಗಿ, ಓರೆ, ನೇರ ಎಂಬ ಮಾತುಗಳನ್ನು ಮಕ್ಕಳು ಕಂಠಪಾಠ ಮಾಡಲಿಲ್ಲ. ಕೈಗೆ ಬೇಕಾದುದರಿಂದ ಬಾಯಿಗೆ ಬಂದವು. "ಇನ್ನೂ ಸ್ವಲ್ಪ ಓರೆಯಾಗಿದೆ, ಬಿಗಿ ಹಿಡಿ" ಎಂದು ಒಬ್ಬಳು ಇನ್ನೊಬ್ಬಳಿಗೆ ತಾನಾಗಿಯೇ ಕನ್ನಡದಲ್ಲಿ ಹೇಳಿದಾಗ ನಾವು ಬಾಗಿಲ ಬಳಿ ನಿಂತು ಕೇಳಿದೆವು. ಮಲಯಾಳ ಮನೆಮಾತಿನ ಮಗುವೊಂದು ತನ್ನ ಮನೆಯ ‘ತಕರ’ವೂ ನಮ್ಮ ‘ತವರ’ವೂ ಒಂದೇ ಬಳಗದ ಪದಗಳೆಂದು ತಿಳಿದು ಹಿಗ್ಗಿತು. ತರಗತಿಯ ಗೋಡೆಯ ಮೇಲೆ ಈಗ ಒಂದು ಪಟ್ಟಿಯಿದೆ: ಒಂದೊಂದು ಉಪಕರಣಕ್ಕೆ ಕನ್ನಡದ ಹೆಸರು, ಅದರ ಪಕ್ಕದಲ್ಲಿ ಮಕ್ಕಳ ಮನೆಮಾತುಗಳ ಹೆಸರುಗಳು. ಕನ್ನಡ ಉಳಿಯಬೇಕಾದರೆ ಅದರಲ್ಲಿ ಕೆಲಸ ನಡೆಯಬೇಕು. ಭಾಷಣಗಳಿಂದ, ನಮ್ಮ ಈ ಭಾಷಣವನ್ನೂ ಸೇರಿಸಿ, ಆಗುವುದು ಸ್ವಲ್ಪವೇ.

ಹಳೆವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬೇಡಿಕೆ. ಕಟ್ಟಡಕ್ಕೆ, ಬೆಂಚಿಗೆ ನೀವು ಕೊಟ್ಟಿದ್ದೀರಿ, ಕೃತಜ್ಞರಾಗಿದ್ದೇವೆ. ಈಗ ಕೇಳುತ್ತಿರುವುದು ಹಣವನ್ನಲ್ಲ. ನಿಮ್ಮಲ್ಲಿ ಬಡಗಿಗಳಿದ್ದೀರಿ, ದರ್ಜಿಗಳಿದ್ದೀರಿ, ಬುಟ್ಟಿ ಹೆಣೆಯುವವರಿದ್ದೀರಿ, ವಿದ್ಯುತ್ ಕೆಲಸದವರಿದ್ದೀರಿ, ಮಡಲು ನೇಯುವ ಅಮ್ಮಂದಿರಿದ್ದೀರಿ. ತಿಂಗಳಿಗೆ ಒಂದು ಶನಿವಾರ ಬಂದು ನಿಮ್ಮ ಕೈ ಬಲ್ಲುದನ್ನು ಕಲಿಸಿಕೊಡಿ. ಐದನೆಯ ತರಗತಿಯವರೆಗೆ ಓದಿದವನು ಶಾಲೆಯಲ್ಲಿ ಏನು ಕಲಿಸಲಿ ಎಂಬ ಸಂಕೋಚ ಬೇಡ. ಎಂ.ಎ. ಓದಿದ ನಮಗೆ ಅಂಚು ಮಡಚಲು ಕಲಿಸಿದವರು ಐದನೆಯ ತರಗತಿಯವರೆಗೆ ಓದಿದವರೇ.

ರಕ್ಷಕರಲ್ಲಿ ಒಂದು ವಿನಂತಿ. ಮಗು ಕೈಗೆ ಮಸಿ ಮಾಡಿಕೊಂಡು ಮನೆಗೆ ಬಂದ ದಿನ, ಇವತ್ತು ಪಾಠವಾಗಲಿಲ್ಲವೇ ಎಂದು ಕೇಳಬೇಡಿ. ಏನು ಮಾಡಿದೆ ಎಂದು ಕೇಳಿ. ಕೈಗೆ ಸಣ್ಣ ಗೀರು ಆಗಿದ್ದರೆ ನಮಗೆ ತಿಳಿಸಿ. ನಾವು ಕ್ರಮವನ್ನು ತಿದ್ದಿಕೊಳ್ಳುತ್ತೇವೆ. ಬೀಗವನ್ನು ಮಾತ್ರ ಮತ್ತೆ ಹಾಕುವುದಿಲ್ಲ.

ಕೊನೆಯದಾಗಿ, ಪ್ರದರ್ಶನದ ಮೇಜಿನ ಮೇಲೆ ಅಕ್ಕಿಯ ಪಾತ್ರೆಯ ಪಕ್ಕದಲ್ಲಿ ಒಂದು ಬರಿದಾದ ಹಾಲಿನ ಪುಡಿಯ ಡಬ್ಬಿ ಇದೆ. ಅದರ ಮುಂದೆ ಕತ್ತರಿ, ಗವಸು, ಮರದ ಸುತ್ತಿಗೆಗಳನ್ನು ಇಟ್ಟಿದ್ದೇವೆ. ಅರ್ಧಕ್ಕೆ ನಿಂತ ದೀಪದ ಆ ಹಳೆವಿದ್ಯಾರ್ಥಿ ಇಲ್ಲಿಯೇ ಕುಳಿತಿದ್ದಾನೆ. ಸಭೆ ಮುಗಿದ ಮೇಲೆ ಅವನು ಏಳನೆಯ ತರಗತಿಯ ಮಕ್ಕಳ ನಡುವೆ ಕುಳಿತು ಅದನ್ನು ಮಾಡಿ ಮುಗಿಸಲು ಒಪ್ಪಿದ್ದಾನೆ. ಈ ಸಂಜೆ ಶಾಲೆಯ ಮುಂಬಾಗಿಲಿಗೆ ಆ ದೀಪವನ್ನೇ ತೂಗುಹಾಕುತ್ತೇವೆ. ತಾವೆಲ್ಲರೂ ಅದನ್ನು ಹಚ್ಚುವವರೆಗೆ ಇರಬೇಕೆಂದು ಕೋರಿ, ಈ ಮಾತುಗಳನ್ನು ಮುಗಿಸುತ್ತೇವೆ.